ಇನ್ಷೂರೆನ್ಸ್ ಇದೆ ಎಂದು ಮೈಮರೆಯಬೇಡಿ!

(ಆಟೋ, ಟ್ಯಾಕ್ಸಿ ಹಾಗೂ ಗೂಡ್ಸ್ ಗಾಡಿಗಳ ಮಾಲೀಕರು ಮತ್ತು ಚಾಲಕರ ಸಭೆಯಲ್ಲಿ ಚಾಮರಾಜಪೇಟೆಯ ಮುದ್ರಣಾಲಯವೊಂದರ ಮಾಲೀಕರು ಮಾಡಿದ ಭಾಷಣ)

ಗಾಡಿಗಳನ್ನು ಬದಿಗೆ ನಿಲ್ಲಿಸಿ, ಒಂದು ಹೊತ್ತಿನ ಬಾಡಿಗೆ ಬಿಟ್ಟು ಇಲ್ಲಿಗೆ ಬಂದಿರುವ ಕನ್ನಡ ಬಂಧುಗಳೇ,

ನಾನು ವಕೀಲನಲ್ಲ. ವಿಮಾ ಏಜೆಂಟನೂ ಅಲ್ಲ. ಓದಿದ್ದು ಪಿಯುಸಿ. ನಮ್ಮ ತಂದೆಯವರ ಟ್ರೆಡಲ್ ಮೆಷಿನ್ ಪಕ್ಕದಲ್ಲಿ ಮೊಳೆ ಜೋಡಿಸುತ್ತಾ ಬೆಳೆದವನು, ಈಗ ಆಫ್‌ಸೆಟ್ ಪ್ರೆಸ್ ನಡೆಸುತ್ತಿದ್ದೇನೆ. ಕಾನೂನು ಗೊತ್ತಿಲ್ಲದಿದ್ದರೂ ಅಕ್ಷರದ ಗಾತ್ರ ನನಗೆ ಗೊತ್ತು. ಜನ ಓದಲೇಬೇಕು ಎನ್ನುವುದನ್ನು ನಾವು ದೊಡ್ಡಕ್ಷರದಲ್ಲಿ ಹಾಕುತ್ತೇವೆ. ಓದದಿದ್ದರೂ ಪರವಾಗಿಲ್ಲ ಎನ್ನುವುದನ್ನು ಸಣ್ಣಕ್ಷರದಲ್ಲಿ ಹಾಕುತ್ತೇವೆ.

ನಿಮ್ಮ ಗಾಡಿಯ ಪಾಲಿಸಿ ತೆಗೆದು ನೋಡಿ. ಕಂಪನಿಯ ಹೆಸರು ದೊಡ್ಡಕ್ಷರ. ನೀವು ಕಟ್ಟಿದ ಹಣ ದಪ್ಪಕ್ಷರ. ಷರತ್ತುಗಳು ಮಾತ್ರ ಇರುವೆ ಸಾಲು! ಅದೂ ಇಂಗ್ಲಿಷಿನಲ್ಲಿ! ಅಕ್ಷರವನ್ನೇ ನಂಬಿ ಬದುಕುವ ನಾನೂ ಅದನ್ನು ಓದಲಿಲ್ಲ. ಮಡಿಚಿ ಡ್ಯಾಷ್‌ಬೋರ್ಡಿಗೆ ತುರುಕಿದೆ. ಅದಕ್ಕೆ ನಾನು ತೆತ್ತ ಬೆಲೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

2013ರ ರಾಜ್ಯೋತ್ಸವ. ನಮ್ಮ ಪ್ರೆಸ್ಸಿನ ಗೂಡ್ಸ್ ಗಾಡಿಗೆ ಹಳದಿ ಕೆಂಪು ಬಟ್ಟೆ ಸುತ್ತಿ, ಬಾವುಟ ಕಟ್ಟಿ, ಬಡಾವಣೆಯ ಹುಡುಗರು ಮೆರವಣಿಗೆಗೆ ಹೊರಟರು. ಹಿಂದೆ ಆರು ಜನ ನಿಂತಿದ್ದರು. ತಿರುವಿನಲ್ಲಿ ಗುಂಡಿ ತಪ್ಪಿಸಲು ಚಾಲಕ ಬ್ರೇಕ್ ಹಾಕಿದ. ಒಬ್ಬ ಹುಡುಗ ಕೆಳಗೆ ಬಿದ್ದ. ತೊಡೆಯ ಮೂಳೆ ಮುರಿಯಿತು. ಮನೆಗೆ ದುಡಿದು ಹಾಕುತ್ತಿದ್ದವನು ಅವನೊಬ್ಬನೇ. ಒಂದು ವರ್ಷ ಕೆಲಸಕ್ಕೆ ಹೋಗಲಾಗಲಿಲ್ಲ.

ನಾನು ಅವರ ತಾಯಿಗೆ ಹೇಳಿದೆ: "ಅಮ್ಮ, ಹೆದರಬೇಡಿ. ಗಾಡಿಗೆ ಫುಲ್ ಇನ್ಷೂರೆನ್ಸ್ ಇದೆ." ಆಗ ಆ ಮಾತನ್ನು ಮನಸಾರೆ ನಂಬಿಯೇ ಹೇಳಿದ್ದೆ. ಅವರು ಕ್ಲೇಮು ಹಾಕಿದರು. ಕಂಪನಿಯ ವಕೀಲರು ಎದ್ದು ನಿಂತು ಒಂದೇ ಮಾತು ಹೇಳಿದರು: ಇದು ಸರಕು ಸಾಗಿಸುವ ವಾಹನ, ಇದರಲ್ಲಿ ಜನ ಪ್ರಯಾಣ ಮಾಡುವಂತಿಲ್ಲ, ನಮ್ಮ ಹೊಣೆ ಇಲ್ಲ. ಬಾವುಟ, ತೋರಣ ಸಾಗಿಸುತ್ತಿದ್ದರು ಎಂದು ನಮ್ಮ ವಕೀಲರು ವಾದಿಸಿ ನೋಡಿದರು. ನಡೆಯಲಿಲ್ಲ. ನ್ಯಾಯಮಂಡಳಿ ಕಂಪನಿಯನ್ನು ಬಿಡುಗಡೆ ಮಾಡಿತು. ಪರಿಹಾರ ಕೊಡಬೇಕಾದವನು ಮಾಲೀಕ ಎಂದು ತೀರ್ಪಾಯಿತು. 2 ಲಕ್ಷದ 10 ಸಾವಿರ, ಮೇಲೆ ಬಡ್ಡಿ. ಪೇಪರ್ ಕಟಿಂಗ್ ಮೆಷಿನ್ ಮಾರಿ ಕಟ್ಟಿದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಬರಬೇಕಾದದ್ದು ಬಂತು, ಅದೂ ಮೂರು ವರ್ಷ ತಡವಾಗಿ. ಆದರೆ ಆ ತಾಯಿಗೆ ನಾನು ಕೊಟ್ಟ ಮಾತು ಸುಳ್ಳಾಯಿತಲ್ಲ, ಆ ಸಂಕಟ ಇನ್ನೂ ಹೋಗಿಲ್ಲ.

ತೀರ್ಪು ಅನ್ಯಾಯದ್ದು ಎಂದು ನಾನು ಹೇಳಲಾರೆ. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿಬಿಟ್ಟಿತ್ತು. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಸರಕಿನ ಜೊತೆ ಹೋಗುತ್ತಿದ್ದರೆ ಮಾತ್ರ 1994ರ ತಿದ್ದುಪಡಿಯ ನಂತರ ಅವರಿಗೆ ರಕ್ಷಣೆ ಉಂಟು. ಇದು ಹನ್ನೊಂದು ವರ್ಷದ ಹಳೆಯ ಸಂಗತಿ, ನನಗೆ ಯಾರೂ ಹೇಳಿರಲಿಲ್ಲ. ಪಾಲಿಸಿ ಮಾರಿದ ಏಜೆಂಟ್ ಹೇಳಲಿಲ್ಲ. ಕೊಂಡ ನಾನು ಕೇಳಲಿಲ್ಲ.

ಬಂಧುಗಳೇ, "ಇನ್ಷೂರೆನ್ಸ್ ಇದೆ" ಎನ್ನುವುದು ಅರ್ಧ ವಾಕ್ಯ. ಉಳಿದರ್ಧವನ್ನು ಮೂರು ಪ್ರಶ್ನೆ ಕೇಳಿ ನಾವೇ ತುಂಬಬೇಕು. ಯಾರಿಗೆ ಇದೆ? ಯಾವ ಕೆಲಸಕ್ಕೆ ಇದೆ? ಎಷ್ಟಕ್ಕೆ ಇದೆ?

ಮೊದಲನೆಯದು: ಯಾರಿಗೆ?

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇಲ್ಲದೆ ಗಾಡಿ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಥರ್ಡ್ ಪಾರ್ಟಿ ಎಂದರೆ ಯಾರು? ನಿಮ್ಮ ಗಾಡಿ ತಗುಲಿದ ದಾರಿಹೋಕ, ಎದುರಿನ ಬೈಕ್ ಸವಾರ, ಪಕ್ಕದ ಕಾರಿನವರು. ಅವರ ಸಾವು, ಗಾಯಕ್ಕೆ ನ್ಯಾಯಮಂಡಳಿ ನಿಗದಿ ಮಾಡಿದ ಪರಿಹಾರವನ್ನು ಕಂಪನಿ ಕೊಡಬೇಕು. ಅವರ ಆಸ್ತಿಗೆ ಆದ ನಷ್ಟಕ್ಕೆ ಮಿತಿ ಇದೆ. ಕಾರು ಮತ್ತು ವಾಣಿಜ್ಯ ವಾಹನಗಳ ಸಾಮಾನ್ಯ ಪಾಲಿಸಿಗಳಲ್ಲಿ ಅದು ಏಳೂವರೆ ಲಕ್ಷ.

ನಿಮ್ಮ ಗಾಡಿ ನಜ್ಜುಗುಜ್ಜಾದರೆ? ಕಳ್ಳತನವಾದರೆ? ಥರ್ಡ್ ಪಾರ್ಟಿ ಪಾಲಿಸಿಯಿಂದ ಒಂದು ಪೈಸೆ ಬರುವುದಿಲ್ಲ. ಅದಕ್ಕೆ ಓನ್ ಡ್ಯಾಮೇಜ್ ಇರುವ ಪ್ಯಾಕೇಜ್ ಪಾಲಿಸಿ ಬೇಕು. ನಿಮಗೇ ಏಟು ಬಿದ್ದರೆ? ಅದಕ್ಕೆ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಬೇಕು. 2018ರಲ್ಲಿ ಈ ಮೊತ್ತವನ್ನು 15 ಲಕ್ಷಕ್ಕೆ ಏರಿಸಿದರು. ಆದರೆ ಇದು ಸಿಗುವುದು ಆರ್‌ಸಿಯಲ್ಲಿ ಹೆಸರಿದ್ದು, ಚಾಲ್ತಿಯಲ್ಲಿರುವ ಡಿಎಲ್ ಇರುವ ಮಾಲೀಕನಿಗೆ. ನೀವು ಸಂಬಳಕ್ಕಿಟ್ಟ ಚಾಲಕನಿಗಲ್ಲ! ಚಾಲಕ, ಕ್ಲೀನರ್‌ಗಳಿಗೆ ಬೇರೆ ಕವರ್ ಇದೆ. ಅದು ಪಾಲಿಸಿಯಲ್ಲಿ ನಮೂದಾಗಿದೆಯೇ ನೋಡಿ. ನಮ್ಮ ಗಾಡಿ ಓಡಿಸಿ ನಮ್ಮ ಮನೆ ನಡೆಸುವವನ ಮನೆಗೆ ಕೇಡಾದಾಗ ನಾವು ಕೈಚೆಲ್ಲುವುದು ಧರ್ಮವಲ್ಲ.

ಇನ್ನೊಂದು ಮಾತು. ಗಾಡಿ ಮಾರಿದಿರಿ, ದುಡ್ಡು ಎಣಿಸಿಕೊಂಡಿರಿ, ಆರ್‌ಸಿ ವರ್ಗಾವಣೆ ಆಗಲಿಲ್ಲ. ಆಮೇಲೆ ಕೊಂಡವನು ಅಪಘಾತ ಮಾಡಿದರೆ ಹೊಣೆ ಯಾರದು? ನಿಮ್ಮದೇ! ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಹೆಸರು ಬದಲಾಗುವವರೆಗೆ ಬೆನ್ನು ಹತ್ತಿ.

ಎರಡನೆಯದು: ಯಾವ ಕೆಲಸಕ್ಕೆ?

ಇಲ್ಲೇ ಬಿಳಿ ಬೋರ್ಡು, ಹಳದಿ ಬೋರ್ಡು ಬೇರೆಯಾಗುವುದು. ಸ್ವಂತ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಒಂದು ಪ್ಯಾರಾ ಇರುತ್ತದೆ. ಬಾಡಿಗೆಗೆ ಓಡಿಸುವಂತಿಲ್ಲ. ರೇಸಿಗೆ ಬಿಡುವಂತಿಲ್ಲ. ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸುವಂತಿಲ್ಲ. ಈ ಕೊನೆಯ ಸಾಲು ನನ್ನನ್ನು ಎರಡನೇ ಸಲ ಹೊಡೆಯಿತು.

ಗೂಡ್ಸ್ ಗಾಡಿ ಗ್ಯಾರೇಜಿನಲ್ಲಿತ್ತು. ತುಮಕೂರಿನ ಒಂದು ಮದುವೆ ಮನೆಗೆ ಲಗ್ನಪತ್ರಿಕೆ ತಲುಪಿಸಬೇಕಿತ್ತು. ಕಾರಿನ ಹಿಂದಿನ ಸೀಟು ಮಡಿಚಿ, ಬಂಡಲುಗಳನ್ನು ತುಂಬಿಕೊಂಡು ಹೊರಟೆ. ನೆಲಮಂಗಲ ದಾಟಿದ ಮೇಲೆ ನಾಯಿ ಅಡ್ಡ ಬಂತು. ಕಾರು ಡಿವೈಡರಿಗೆ ಬಡಿಯಿತು. ಪೊಲೀಸರು ಬಂದು ಕನ್ನಡದಲ್ಲಿ ಮಹಜರು ಬರೆದರು. "ಕಾರಿನ ಹಿಂಭಾಗದಲ್ಲಿ ಮುದ್ರಿತ ಪತ್ರಿಕೆಗಳ ಕಟ್ಟುಗಳು ಇರುತ್ತವೆ" ಎಂದೂ ಬರೆದರು. ಸರ್ವೇಯರ್ ನಷ್ಟವನ್ನು 62,000 ಎಂದು ಲೆಕ್ಕ ಹಾಕಿದರು. ಕಂಪನಿಯಿಂದ ಪತ್ರ ಬಂತು: ಖಾಸಗಿ ಕಾರಿನಲ್ಲಿ ಸರಕು ಸಾಗಿಸಿದ್ದೀರಿ, ಕ್ಲೇಮು ತಿರಸ್ಕರಿಸಲಾಗಿದೆ.

ಗಮನಿಸಿ ಬಂಧುಗಳೇ! ಪಾಲಿಸಿಯನ್ನು ಕನ್ನಡದಲ್ಲಿ ಕೊಡಿ ಎಂದರೆ "ನಮ್ಮಲ್ಲಿ ಕನ್ನಡ ಇಲ್ಲ ಸಾರ್" ಎಂದವರು, ಪೊಲೀಸರ ಕೈಬರಹದ ಕನ್ನಡ ಮಹಜರನ್ನು ಸಾಲು ಸಾಲಾಗಿ ಓದಿದ್ದಾರೆ! ಮಾರುವಾಗ ಬಾರದ ಕನ್ನಡ ತಿರಸ್ಕರಿಸುವಾಗ ಎಲ್ಲಿಂದ ಬಂತು?

ಈ ಸಲ ನಾನು ಸುಮ್ಮನೆ ಕೂರಲಿಲ್ಲ. ಬಳಕೆಯ ಷರತ್ತು ಮುರಿದ ಮಾತ್ರಕ್ಕೆ ಪೂರ್ತಿ ಕ್ಲೇಮನ್ನು ತಳ್ಳಿಹಾಕಬಾರದು, ನಾನ್ ಸ್ಟ್ಯಾಂಡರ್ಡ್ ಎಂದು ಪರಿಗಣಿಸಿ ನೂರಕ್ಕೆ 75ರವರೆಗೆ ಕೊಡಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟಿನ 2008 ಮತ್ತು 2010ರ ತೀರ್ಪುಗಳಿವೆ. ನಾಯಿ ಅಡ್ಡ ಬಂದದ್ದಕ್ಕೂ ಲಗ್ನಪತ್ರಿಕೆಗೂ ಏನು ಸಂಬಂಧ ಎಂದು ಕೇಳಿ, ಆ ತೀರ್ಪುಗಳನ್ನು ಹೆಸರಿಸಿ ಕಂಪನಿಯ ದೂರು ವಿಭಾಗಕ್ಕೆ ಪತ್ರ ಬರೆದೆ. ಎರಡು ತಿಂಗಳ ಮೇಲೆ 46,500 ರೂಪಾಯಿ ಬಂತು. ಪೂರ್ತಿ ಬರಲಿಲ್ಲ, ನಿಜ. ಕೇಳದೆ ಇದ್ದಿದ್ದರೆ ಅದೂ ಬರುತ್ತಿರಲಿಲ್ಲ.

ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಬಿಡುವ ಅಣ್ಣಂದಿರು ಇದನ್ನು ಕಿವಿಯಲ್ಲಿಟ್ಟುಕೊಳ್ಳಿ. ಉಳಿಸುವುದು ತೆರಿಗೆ, ಪ್ರೀಮಿಯಮ್ಮಿನ ನಾಲ್ಕು ಕಾಸು. ಒಡ್ಡುವುದು ಇಡೀ ಗಾಡಿಯನ್ನು.

ಹಳದಿ ಬೋರ್ಡಿನವರಿಗೆ ಪರ್ಮಿಟ್, ಎಫ್‌ಸಿ, ಡಿಎಲ್ ಮೂರೂ ಚಾಲ್ತಿಯಲ್ಲಿರಬೇಕು. ಪರ್ಮಿಟ್ ಇಲ್ಲದ ವಾಹನ ಅಪಘಾತ ಮಾಡಿದ ಪ್ರಕರಣದಲ್ಲಿ ಕಂಪನಿ ಮೊದಲು ಸಂತ್ರಸ್ತರಿಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂಬ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಸಂತ್ರಸ್ತರು ಬದುಕಿಕೊಂಡರು. ಮಾಲೀಕ ಮುಳುಗಿದ!

ಡಿಎಲ್ ವಿಚಾರದಲ್ಲಿ ನಮ್ಮವರಿಗೆ ಒಂದು ಒಳ್ಳೆಯ ಸುದ್ದಿ ಇದೆ. ಲಘು ಮೋಟಾರು ವಾಹನದ ಲೈಸೆನ್ಸ್ ಇರುವವನು 7,500 ಕಿಲೋ ತೂಕದೊಳಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮತಿ ಇಲ್ಲದೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. 7,500 ಕಿಲೋ ಎಂದರೆ ಹೊತ್ತ ಭಾರವಲ್ಲ, ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದ ಮಿತಿ. ಆದ್ದರಿಂದ ಸಣ್ಣ ಗೂಡ್ಸ್ ಗಾಡಿಯ ಚಾಲಕನ ಡಿಎಲ್‌ನಲ್ಲಿ ಸಾರಿಗೆ ವಾಹನದ ನಮೂದಿಲ್ಲ ಎಂದು ಕಂಪನಿ ಕ್ಲೇಮು ತಿರಸ್ಕರಿಸಿದರೆ ಈ ತೀರ್ಪನ್ನು ಮುಂದಿಡಿ.

ಮೂರನೆಯದು: ಎಷ್ಟಕ್ಕೆ?

ಪಾಲಿಸಿಯಲ್ಲಿ ಐಡಿವಿ ಎಂಬ ಮೂರಕ್ಷರ ಇದೆ. ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಮೊತ್ತಕ್ಕೆ ಅದೇ ಆಧಾರ. ಪ್ರೀಮಿಯಂ ಕಡಿಮೆ ಮಾಡಿಸುತ್ತೇನೆ ಎಂದು ಏಜೆಂಟ್ ಐಡಿವಿ ಇಳಿಸಿದರೆ, ಇಳಿಯುವುದು ನಿಮ್ಮ ಪರಿಹಾರ.

ರಿಪೇರಿ ಬಿಲ್ಲೂ ಪೂರ್ತಿ ಬರುವುದಿಲ್ಲ. ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಅರ್ಧ ಕಡಿತ. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ ಕಡಿತ. ಒಂದು ಲೆಕ್ಕ ಹಾಕೋಣ. ಮೂರೂವರೆ ವರ್ಷದ ಸಣ್ಣ ಕಾರು. ಲೋಹದ ಬಾನೆಟ್ 10,000, ಪ್ಲಾಸ್ಟಿಕ್ ಬಂಪರ್ 6,000, ಮುಂದಿನ ಗಾಜು 5,000, ಪೇಂಟಿಂಗ್ 8,000. ಒಟ್ಟು 29,000. ಬಾನೆಟ್ಟಿಗೆ ನೂರಕ್ಕೆ 25ರಂತೆ 2,500 ಹೋಯಿತು. ಬಂಪರಿಗೆ 3,000 ಹೋಯಿತು. ಪೇಂಟಿಂಗಿನಲ್ಲಿ ಕಾಲುಭಾಗ ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ, ಅಂದರೆ 1,000 ಹೋಯಿತು. 1,500 ಸಿಸಿ ಒಳಗಿನ ಕಾರಿಗೆ ಕಡ್ಡಾಯ ಕಡಿತ ಇನ್ನೊಂದು 1,000. ಕೈಗೆ ಬರುವುದು 21,500. ಜೀರೋ ಡೆಪ್ರಿಸಿಯೇಷನ್ ಎಂಬ ಹೆಚ್ಚುವರಿ ಕವರ್ ತೆಗೆದುಕೊಂಡಿದ್ದರೆ ಈ ಸವಕಳಿ ಕಡಿತ ತಪ್ಪುತ್ತದೆ. ಕಡ್ಡಾಯ ಕಡಿತ ತಪ್ಪುವುದಿಲ್ಲ.

ಸಣ್ಣಪುಟ್ಟ ಗೀಚಿಗೆಲ್ಲ ಕ್ಲೇಮು ಹಾಕಬೇಡಿ. ಒಂದು ವರ್ಷ ಕ್ಲೇಮು ಇಲ್ಲದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನಲ್ಲಿ ನೂರಕ್ಕೆ 20 ರಿಯಾಯಿತಿ. ಅದು ವರ್ಷದಿಂದ ವರ್ಷಕ್ಕೆ 25, 35, 45, 50ಕ್ಕೆ ಏರುತ್ತದೆ. ಈ ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ನಿಮ್ಮದು. ಹಳೆಯದನ್ನು ಮಾರಿ ಹೊಸದು ಕೊಂಡಾಗ ಕೇಳಿ ಪಡೆಯಿರಿ. ಆದರೆ ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ ಹೋದಂತೆ.

ವಾಣಿಜ್ಯ ವಾಹನದವರಿಗೆ ಇನ್ನೊಂದು ಗುಟ್ಟು: ಐಎಂಟಿ 23. ಈ ನಮೂದು ಇಲ್ಲದಿದ್ದರೆ ಲ್ಯಾಂಪು, ಟೈರು, ಮಡ್‌ಗಾರ್ಡ್, ಬಂಪರ್, ಪೇಂಟಿಗೆ ಆದ ಬಿಡಿ ನಷ್ಟ ನಿಮ್ಮ ತಲೆಗೇ. ನಮ್ಮ ಗಲ್ಲಿಗಳಲ್ಲಿ ದಿನವೂ ಮುರಿಯುವುದು ಇವೇ ತಾನೆ? ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿ ಹಾಕಿಸಿಕೊಳ್ಳಿ.

ಮಳೆಯ ಮಾತೂ ಹೇಳಿಬಿಡುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ನೋಡಿದ್ದೀರಿ. ಪ್ರವಾಹದ ನಷ್ಟ ಪ್ಯಾಕೇಜ್ ಪಾಲಿಸಿಯಲ್ಲಿ ಬರುತ್ತದೆ. ಆದರೆ ನೀರಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿ ಎಂಜಿನ್ ಒಳಗೆ ನೀರು ಎಳೆದುಕೊಂಡರೆ, ಆ ಎಂಜಿನ್ ನಷ್ಟ ಕೊಡುವುದಿಲ್ಲ ಎಂದು ಕಂಪನಿಗಳು ಕೈಯೆತ್ತುತ್ತವೆ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಬೇರೆ ಕವರ್ ಬೇಕು. ಕೀ ಮುಟ್ಟಬೇಡಿ. ಟೋ ಮಾಡಿಸಿ.

ಇನ್ನು ಅಪಘಾತವಾದಾಗ ಏನು ಮಾಡಬೇಕು?

ಮೊದಲು ಗಾಯಾಳು, ಆಮೇಲೆ ಗಾಡಿ. ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಪ್ರಕಟವಾಗಿದೆ. ಆಸ್ಪತ್ರೆಯಲ್ಲಿ ಕೇಳಿ. ಗಾಡಿಯನ್ನು ಸರಿಸುವ ಮುನ್ನ ಫೋಟೋ ತೆಗೆಯಿರಿ. ಪೊಲೀಸರಿಗೆ ಮತ್ತು ಕಂಪನಿಗೆ ಅದೇ ದಿನ ತಿಳಿಸಿ. ಸರ್ವೇಯರ್ ನೋಡುವ ಮೊದಲು ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ. ಕಳುವಾದರೆ ಮೊದಲ ಕೆಲಸ ಎಫ್‌ಐಆರ್. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ತಡ ಮಾಡಬೇಡಿ. ಎರಡೂ ಕೀಗಳನ್ನು ಜೋಪಾನವಾಗಿಡಿ, ಅದನ್ನೂ ಕೇಳುತ್ತಾರೆ.

ಮಹಜರಿನಲ್ಲಿ ಏನು ಬರೆದಿದ್ದಾರೆ ಎಂದು ಓದಿ ಸಹಿ ಹಾಕಿ. ಅದು ಕನ್ನಡದಲ್ಲೇ ಇರುತ್ತದೆ. ಓದದಿರಲು ನಮಗೆ ನೆಪವಿಲ್ಲ! ಚಾಲಕ ಬೇರೆ ಯಾರೋ ಇದ್ದರು ಎಂಬ ಸುಳ್ಳು ಬರೆಸಬೇಡಿ. ಆ ಒಂದು ಸುಳ್ಳು ನಿಜವಾದ ಕ್ಲೇಮನ್ನೂ ಕೊಲ್ಲುತ್ತದೆ.

ಕಂಪನಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಿ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ. ತಿರಸ್ಕಾರದ ಒಂದು ವರ್ಷದೊಳಗೆ ಹೋಗಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ದೂರವಾಣಿ 155255.

ಗ್ರಾಹಕ ಆಯೋಗದ ದಾರಿಯೂ ಇದೆ, ಎರಡು ವರ್ಷದೊಳಗೆ. ವ್ಯಾಪಾರಕ್ಕೆ ಬಳಸುವ ಗಾಡಿ, ನೀವು ಗ್ರಾಹಕರೇ ಅಲ್ಲ ಎಂದು ಕಂಪನಿ ವಾದಿಸಬಹುದು. ಹೆದರಬೇಡಿ. ವಿಮೆ ಕೊಳ್ಳುವುದು ನಷ್ಟ ತುಂಬಿಕೊಳ್ಳಲು, ಲಾಭ ಮಾಡಲು ಅಲ್ಲ. ವ್ಯಾಪಾರಿ ವಿಮೆ ಕೊಂಡ ಮಾತ್ರಕ್ಕೆ ಗ್ರಾಹಕನಲ್ಲ ಎನ್ನಲಾಗದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅಪಘಾತಕ್ಕೆ ಸಿಕ್ಕವರು ನಾವೇ ಆದರೆ? ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವು ಹಾಕಿದೆ. ಆ ಗಡುವಿನ ಬಗ್ಗೆ ನ್ಯಾಯಾಲಯದಲ್ಲಿ ತಕರಾರು ನಡೆದಿದೆ, ಅದನ್ನು ನಂಬಿ ಕೂರಬೇಡಿ. ಆರು ತಿಂಗಳೊಳಗೆ ಹಾಕಿಬಿಡಿ. ಗುದ್ದಿದ ಗಾಡಿ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಪರಿಹಾರ 2022ರ ಏಪ್ರಿಲಿನಿಂದ ಇದೆ. ನಮ್ಮ ಎಷ್ಟು ಬಡ ಮನೆಗಳು ಇದನ್ನು ಕೇಳದೆಯೇ ಕೂತಿವೆ!

ಕೊನೆಯದಾಗಿ ನಮ್ಮ ಭಾಷೆಯ ಮಾತು. ಪಾಲಿಸಿಯ ದಾಖಲೆಗಳನ್ನು ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಒದಗಿಸಬಹುದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ 2002ರ ನಿಯಮಾವಳಿಯಲ್ಲೇ ಇತ್ತು. ಒದಗಿಸಬಹುದು! ಒದಗಿಸತಕ್ಕದ್ದು ಅಲ್ಲ. ಆ "ಬಹುದು" ಎಂಬ ಬಾಗಿಲಿನಿಂದಲೇ ಕನ್ನಡ ಹೊರಗೆ ಹೋಯಿತು. ಬಾಗಿಲು ತಟ್ಟುವವರು ನಾವಾಗಬೇಕು. ಪಾಲಿಸಿ ಕೊಳ್ಳುವಾಗ ಕೇಳಿ: ಷರತ್ತುಗಳನ್ನು ಕನ್ನಡದಲ್ಲಿ ಕೊಡಿ. ಇಲ್ಲ ಎಂದರೆ, ಇಲ್ಲ ಎಂದು ಬರೆದು ಕೊಡಿ. ನನ್ನ ಭಾಷೆಯಲ್ಲಿ ವಿವರಿಸಿದ್ದಾರೆ ಎಂಬ ಸಾಲಿನ ಕೆಳಗೆ, ವಿವರಿಸದೆ ಸಹಿ ಕೇಳಿದರೆ ಹಾಕಬೇಡಿ. ನೂರು ಜನ ಕೇಳಿದರೆ ನಕ್ಕಾರು. ಹತ್ತು ಸಾವಿರ ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ. ಅಚ್ಚು ಹಾಕಲು ಜನ ಸಿಗಲಿಲ್ಲ ಎಂದರೆ ನಮ್ಮ ಪ್ರೆಸ್ಸಿಗೆ ಕಳಿಸಿ!

ಇನ್ನೆರಡು ವಾರಕ್ಕೆ ನವೆಂಬರ್ ಒಂದು. ಮೆರವಣಿಗೆ ಆಗಲಿ, ಅದ್ಧೂರಿಯಾಗಿ ಆಗಲಿ. ಗೂಡ್ಸ್ ಗಾಡಿಯಲ್ಲಿ ಬಾವುಟ ಹೋಗಲಿ, ತಾಯಿ ಭುವನೇಶ್ವರಿಯ ಚಿತ್ರ ಹೋಗಲಿ, ಧ್ವನಿವರ್ಧಕ ಹೋಗಲಿ. ಹುಡುಗರು ನಡೆದು ಬರಲಿ. ದೂರವಾದರೆ ಚಂದಾ ಎತ್ತಿ ಬಸ್ಸು ಮಾಡಿ. ಯಾವ ತಾಯಿಗೂ ನಾನು ಹೇಳಿದಂಥ ಮಾತನ್ನು ನೀವು ಹೇಳುವ ದಿನ ಬಾರದಿರಲಿ.

ಇವತ್ತು ಮನೆಗೆ ಹೋದ ತಕ್ಷಣ ಡ್ಯಾಷ್‌ಬೋರ್ಡಿನಿಂದ ಪಾಲಿಸಿ ತೆಗೆಯಿರಿ. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟಕ್ಕೆ ಎಂದು ಹುಡುಕಿ. ಅರ್ಥವಾಗದಿದ್ದರೆ ಭಾನುವಾರ ನಮ್ಮ ಪ್ರೆಸ್ಸಿಗೆ ತನ್ನಿ. ಎಲ್ಲರೂ ಕೂತು ಓದೋಣ.

ಜೈ ಕರ್ನಾಟಕ!